ಸುಬ್ರಾಯನ ಐವತ್ತನಾಲ್ಕು ಸುತ್ತು

ಇದು ಮೂವತ್ತೊಂದನೆಯ ಸುತ್ತೋ, ಮೂವತ್ತೆರಡನೆಯದೋ? ಮೂವತ್ತೊಂದು ಎಂದು ಹಿಡಿದರೆ ಒಂದು ಸುತ್ತು ಹೆಚ್ಚು ನಡೆಯಬೇಕು. ಮೂವತ್ತೆರಡು ಎಂದು ಹಿಡಿದರೆ ಹೊಟ್ಟೆಗೆ ಮೋಸ. ಹೊಟ್ಟೆಗೆ ಲೆಕ್ಕ ಬರುತ್ತದೆಯೇ? ಬರಲೇಬೇಕು. ಹೋದ ವಾರದ ಮದುವೆಯಲ್ಲಿ ಕಂಬದ ಹಿಂದೆ ನಿಂತು ತಿಂದ ಎರಡು ಜಹಾಂಗೀರನ್ನು ಯಾರೂ ನೋಡಿರಲಿಲ್ಲ. ಮರುದಿನ ಬೆಲ್ಟಿನ ತೂತಿಗೆ ಮಾತ್ರ ಅದು ಹೇಗೆ ಗೊತ್ತಾಯಿತು?

ಹೀಗೆ ಯೋಚಿಸುತ್ತ ಐವತ್ತು ವರ್ಷದ ಸುಬ್ರಾಯ ಬೆಳಗಿನ ಆರು ಗಂಟೆಗೆ ಚೆನ್ನೈಯ ವೆಸ್ಟ್ ಮಾಂಬಲಂನ ತನ್ನ ಫ್ಲ್ಯಾಟಿನ ಕಾಂಪೌಂಡಿನಲ್ಲಿ ಬರಿಗಾಲಲ್ಲಿ ಸುತ್ತುತ್ತಿದ್ದ. ಬೀದಿಯಲ್ಲಿ ನಡೆಯೋಣವೆಂದರೆ ಎರಡೂ ಬದಿಗೆ ಬೈಕು, ನಡುವೆ ಹಾಲಿನ ವ್ಯಾನು, ಮಿಕ್ಕ ಜಾಗದಲ್ಲಿ ನಾಯಿ. ಟೆರೇಸಿಗೆ ಬೀಗ. ಕಾಂಪೌಂಡಿನ ನಡುವೆ ಒಂದು ಬೇವಿನ ಮರ, ಅದರ ಬುಡದ ಕಟ್ಟೆಯ ಮೇಲೆ ಪುಟ್ಟದೊಂದು ಪಿಳ್ಳೆಯಾರ್. ನಮ್ಮ ಗಣಪತಿಗೆ ಅಲ್ಲಿನ ಹೆಸರು ಅದು. ನಡೆಯಲು ಇದ್ದ ಒಂದೇ ದಾರಿ ಆ ಮರದ ಸುತ್ತ. ಮೊದಲ ದಿನ ಅವನು ಚಪ್ಪಲಿ ಹಾಕಿಕೊಂಡೇ ಇಳಿದಿದ್ದ. ಮೊದಲ ಮಹಡಿಯ ಬಾಲ್ಕನಿಯಿಂದ ಕೋಮಳಂ ಮಾಮಿ ಆ ಚಪ್ಪಲಿಗಳನ್ನು ನೋಡಿದ ನೋಟಕ್ಕೆ ಅವು ತಾವಾಗಿಯೇ ಕಾಲಿನಿಂದ ಕಳಚಿಕೊಂಡವು. ಲೆಕ್ಕ ತಪ್ಪಬಾರದೆಂದು ಹತ್ತು ಸುತ್ತಿಗೊಮ್ಮೆ, ಗೋಡೆಯ ಪಕ್ಕ ಉದುರಿಬಿದ್ದ ನಂದಿಬಟ್ಟಲ ಹೂವೊಂದನ್ನು ಕಟ್ಟೆಯ ಮೇಲಿಡುತ್ತಿದ್ದ. ನಡುವಿನ ಸುತ್ತುಗಳನ್ನು ತುಟಿಯಲ್ಲೇ ಎಣಿಸುತ್ತಿದ್ದ. ಐವತ್ತನಾಲ್ಕು ಸುತ್ತಿಗೆ ಎರಡು ಕಿಲೋಮೀಟರು.

ಬಾಲ್ಕನಿಯಲ್ಲಿ ನಿಂತವರ ಕಣ್ಣಿಗೆ ಕಂಡದ್ದಿಷ್ಟು: ನಸುಕಿನಲ್ಲಿ ಎದ್ದ ಒಬ್ಬ ಗೃಹಸ್ಥ, ಬರಿಗಾಲು, ತುಟಿಯಲ್ಲಿ ಏನೋ ಜಪ, ದೇವರ ಸುತ್ತ ಐವತ್ತನಾಲ್ಕು ಪ್ರದಕ್ಷಿಣೆ, ನಡುನಡುವೆ ಪುಷ್ಪಾರ್ಪಣೆ. ಇದನ್ನು ಹೊಟ್ಟೆ ಕರಗಿಸುವ ವ್ಯಾಯಾಮವೆಂದು ತಿಳಿಯಬೇಕಾದರೆ ನೋಡುವವರು ಒಂದೋ ನಾಸ್ತಿಕರಾಗಿರಬೇಕು, ಇಲ್ಲವೇ ಡಾಕ್ಟರಾಗಿರಬೇಕು. ಆ ಹನ್ನೆರಡು ಮನೆಗಳಲ್ಲಿ ಎರಡೂ ಇರಲಿಲ್ಲ.

ಹೊಟ್ಟೆ ಕರಗಿಸುವ ಜರೂರಾದರೂ ಏನಿತ್ತು? ಅದಕ್ಕೆ ಹೋದ ನವೆಂಬರಿಗೆ ಹೋಗಬೇಕು. ಚೆನ್ನೈಯ ಕನ್ನಡ ಸಂಘವೊಂದರ ರಾಜ್ಯೋತ್ಸವದ ನಾಟಕದಲ್ಲಿ ಹದಿನೆಂಟು ವರ್ಷದಿಂದ ಸುಬ್ರಾಯನೇ ರಾಜ. ನಾಟಕ ಪ್ರತಿವರ್ಷ ಬೇರೆ. ಆದರೆ ಸಂಘದ ಹಿರಿಯರಿಗೆ ಅಳು ಇಷ್ಟವಾದ್ದರಿಂದ ರಾಜ ಪ್ರತಿವರ್ಷವೂ ರಾಜ್ಯ ಕಳೆದುಕೊಂಡು ಕಾಡು ಸೇರುತ್ತಿದ್ದ. ಹೋದ ವರ್ಷ ಮೂರನೆಯ ಅಂಕದಲ್ಲಿ ಸುಬ್ರಾಯ ತಗಡಿನ ಸೊಂಟಪಟ್ಟಿಯ ಮೇಲೆ ಕೈಯಿಟ್ಟು, ಗದ್ಗದಿತನಾಗಿ, "ಮಂತ್ರಿವರ್ಯ, ಅನ್ನದ ಮುಖ ಕಂಡು ಮೂರು ದಿನವಾಯಿತು" ಎಂದ. ಸಭೆ ಗೊಳ್ಳೆಂದು ನಕ್ಕಿತು. ಅತ್ತರೆ ಸಾಕೆಂದು ಬಂದಿದ್ದ ಹಿರಿಯರೂ ನಕ್ಕರು. ಆ ನಗೆ ಮೊದಲು ಎದ್ದದ್ದು ಮೂರನೆಯ ಸಾಲಿನಿಂದ. ಆ ನಗೆಯ ಪರಿಚಯ ಸುಬ್ರಾಯನಿಗೆ ಇಪ್ಪತ್ತೆರಡು ವರ್ಷದ್ದು. ಅದು ಅವನ ಹೆಂಡತಿ ವಿನೋದಾಳದು.

ಈ ವರ್ಷದ ನಿರ್ದೇಶಕ ರವಿಕಿರಣ್, ಹಾಸನದಿಂದ ಬಂದು ಎರಡೇ ವರ್ಷವಾದ ಐಟಿ ಹುಡುಗ. ಜುಲೈಯಲ್ಲೇ ಅವನು ವಿಷಯಕ್ಕೆ ಬಂದ.

"ಸರ್, ಬೇಜಾರು ಮಾಡ್ಕೋಬೇಡಿ. ಅಕ್ಟೋಬರ್ ಕೊನೆ ಭಾನುವಾರ ಕರಿಯಮ್ಮನ ವೇಷದ ಅಂಗಡೀಲಿ ಡ್ರೆಸ್ ಟ್ರಯಲ್. ಸೊಂಟಪಟ್ಟಿ ಕೂತ್ರೆ ರಾಜ ನೀವೇ. ಕೂರ್ಲಿಲ್ಲ ಅಂದ್ರೆ ಅಮಿತ್."

"ಹೊಟ್ಟೆದೇನಿಲ್ಲ ಕಣಯ್ಯಾ. ಆ ಪಟ್ಟಿ ತಗಡಿಂದು, ಬಿಸಿಲಿಗೆ ಕುಗ್ಗಿದೆ."

"ಸರ್, ತಗಡು ಬಿಸಿಲಿಗೆ ಹಿಗ್ಗತ್ತೆ."

ಅಮಿತ್ ಎಂದರೆ ಇಲ್ಲಿಯೇ ಹುಟ್ಟಿ ಬೆಳೆದ ಬ್ಯಾಂಕ್ ಗುಮಾಸ್ತ, ಕನ್ನಡದ ಮಾತುಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆಯುವವನು. ಅವನಿಗೆ ಎದೆಯ ಕೆಳಗೆ ನೇರವಾಗಿ ಕಾಲು. ಇಂಥವನಿಗೆ ಸಿಂಹಾಸನ ಬಿಟ್ಟುಕೊಡುವುದೆಂದರೆ!

ನಡೆಯುವುದನ್ನು ಗುಟ್ಟಾಗಿಡಲು ಸುಬ್ರಾಯನಿಗೆ ಕಾರಣಗಳಿದ್ದವು. ವಿಮಾ ಕಚೇರಿಯಲ್ಲಿ ಅವನ ಕೆಲಸವೇ ಪಾಲಿಸಿ ಕೇಳಿ ಬಂದವರ ಅರ್ಜಿ ನೋಡಿ, ಎದೆಗಿಂತ ಹೊಟ್ಟೆಯ ಸುತ್ತಳತೆ ಹೆಚ್ಚಿದ್ದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಹಾಕುವುದು. ತನ್ನ ಹೊಟ್ಟೆಯನ್ನೇ ಟೇಬಲ್ಲಿಗೆ ಆನಿಸಿಕೊಂಡು ಅವನು ಇಪ್ಪತ್ತು ವರ್ಷ ಈ ಕೆಲಸವನ್ನು ನಿಷ್ಪಕ್ಷಪಾತವಾಗಿ ಮಾಡಿದ್ದ. ಸಾಲದ್ದಕ್ಕೆ, ಕೆಳಮನೆಯ ಅಂದಾನಿಯವರು ಸೋರೆಕಾಯಿ ರಸ ಕುಡಿಯುವಾಗ ಹೋದ ವರ್ಷವೆಲ್ಲ ಗೇಲಿ ಮಾಡಿದ್ದ. ಇನ್ನು ಹೆಂಡತಿ. ಮೂರನೆಯ ಸಾಲು ಅವನಿಗೆ ಮರೆತಿರಲಿಲ್ಲ.

ಒಂದು ವಾರ ನೋಡಿದ ಮೇಲೆ ಕೋಮಳಂ ಮಾಮಿ ಮೆಟ್ಟಿಲ ಮೇಲೆ ವಿನೋದಾಳನ್ನು ತಡೆದರು. ಇಪ್ಪತ್ತು ವರ್ಷದ ನೆರೆಯಿಂದ ಮಾಮಿಗೆ ಒಂದು ಬಗೆಯ ಕನ್ನಡ ಬಂದಿತ್ತು.

"ಸಾರ್ ದಿನಾ ಸುತ್ತು ಬರ್ತಾರಲ್ಲಮ್ಮಾ, ಎನ್ನ ವೇಂಡುದಲ್? ಏನು ಹರಕೆ?"

ವಿನೋದಾಗೆ ಏನೂ ಗೊತ್ತಿರಲಿಲ್ಲ. ಆದರೆ ಗಂಡನ ಹರಕೆ ಹೆಂಡತಿಗೇ ಗೊತ್ತಿಲ್ಲವೆಂದು ಮಾಮಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ?

"ಮನಸ್ಸಲ್ಲಿ ಇಟ್ಕೊಂಡು ಮಾಡ್ತಿದಾರೆ ಮಾಮಿ. ಬಾಯಿ ಬಿಟ್ಟು ಹೇಳಬಾರದಂತೆ."

"ಕರೆಕ್ಟ್, ಕರೆಕ್ಟ್. ಹೇಳಿದ್ರೆ ಪಲನ್ ಇಲ್ಲ, ಫಲ ಹೋಗತ್ತೆ" ಎಂದು ಮಾಮಿ ಕೆನ್ನೆ ಕೆನ್ನೆ ಬಡಿದುಕೊಂಡರು.

ಅದೇ ಸಂಜೆ ಸುಬ್ರಾಯ ಮನೆಯಲ್ಲಿ, "ಇನ್ನು ರಾತ್ರಿ ಹೊತ್ತು ನನಗೆ ಅನ್ನ ಬೇಡ ಕಣೆ" ಎಂದ.

"ಇವತ್ತೊಂದಿನಾನಾ?"

"ದಿನಾ."

ವಿನೋದಾ ಗಂಡನ ಮುಖವನ್ನೇ ನೋಡಿದಳು. ದಿನಾ ಒಪ್ಪತ್ತು! ಅವಳ ತವರು ಮೈಸೂರಿನಲ್ಲಿ ಶನಿವಾರ ಒಪ್ಪತ್ತು ಮಾಡುವವರನ್ನು ಕಂಡಿದ್ದಳು. ಏಳು ದಿನವೂ ಮಾಡುವವರನ್ನು ಕಂಡಿರಲಿಲ್ಲ. ಒಪ್ಪತ್ತಿನವರಿಗೆ ಅನ್ನದ ಬದಲು ಫಲಾರ ಮಾಡಿಕೊಡುವುದು ಮನೆಯವರ ಧರ್ಮ. ಫಲಾರವೆಂದರೆ ಫಲ ಎಂದುಕೊಂಡವರು ನಮ್ಮ ಕಡೆಯ ಫಲಾರ ತಿಂದಿಲ್ಲ. ಸೋಮವಾರ ಗೋಡಂಬಿ ಹಾಕಿದ ಉಪ್ಪಿಟ್ಟು, ಮಂಗಳವಾರ ಗೊಜ್ಜವಲಕ್ಕಿ, ಬುಧವಾರ ಬೆಣ್ಣೆ ಇಟ್ಟ ಅಕ್ಕಿರೊಟ್ಟಿ, ಗುರುವಾರ ತುಪ್ಪದಲ್ಲಿ ಮಿಂದ ಸಬ್ಬಕ್ಕಿ ಕಿಚಡಿ. ಕೊನೆಗೆ ಬಾಳೆಹಣ್ಣಿನ ರಸಾಯನ, ಉಪವಾಸದ ಉಷ್ಣ ಇಳಿಯಲಿ ಎಂದು. ಹೊಟ್ಟೆ ಬರುವುದು ಅನ್ನದಿಂದ ಎಂದು ಸುಬ್ರಾಯ ಫೋನಿನಲ್ಲಿ ಓದಿದ್ದ. ಇದರಲ್ಲಿ ಯಾವುದೂ ಅನ್ನವಲ್ಲ. ನಿಶ್ಚಿಂತೆಯಿಂದ ಎರಡನೆಯ ಸಲ ಬಡಿಸಿಕೊಂಡ.

ಮಾಮಿಯ ಬಾಯಿಂದ ವಿಷಯ ಹನ್ನೆರಡೂ ಮನೆ ತಲುಪಿತು. ಪೆರಂಬೂರಿನ ರೈಲು ಕೋಚ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಅಂದಾನಿಯವರು ಈಗ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ. ಊರು ಬಿಟ್ಟು ನಲವತ್ತು ವರ್ಷವಾದರೂ ಅವರ ಗದಗಿನ ಮಾತು ಹಾಗೇ ಇತ್ತು. ಬೆಳಿಗ್ಗೆ ಬೇವಿನ ಮರದ ಕೆಳಗೆ ಅವರು ಕೈಮುಗಿದು ನಿಂತರು.

"ಸುಬ್ರಾಯರ, ನನ್ನ ಸೋರೆಕಾಯಿ ನೋಡಿ ನಕ್ಕಿದ್ರಿ. ನಾ ಮನಸಿನ್ಯಾಗ ಇಟ್ಕೊಂಡಿಲ್ಲ ಬಿಡ್ರಿ. ನಾನು ಬರೇ ಹೊಟ್ಟಿ ಸಲುವಾಗಿ ಬಡಕೊಂಡಾಂವ. ನೀವು ದೊಡ್ಡ ಕೆಲಸ ಹಿಡದೀರಿ."

ಇಲ್ಲ ಎನ್ನಲು ಸುಬ್ರಾಯ ಬಾಯಿ ತೆರೆದ.

"ಹಾಂ ಹಾಂ! ಹೇಳಬ್ಯಾಡ್ರಿ! ಹರಕಿ ಬಾಯಿ ಬಿಟ್ಟು ಹೇಳಬಾರ್ದು" ಎಂದು ಅಂದಾನಿಯವರು ಎರಡೂ ಕಿವಿ ಮುಚ್ಚಿಕೊಂಡರು.

ಸುಬ್ರಾಯ ತೆರೆದ ಬಾಯಿಯನ್ನು ಮುಚ್ಚಿದ. ಹದಿನೆಂಟು ವರ್ಷ ರಂಗದ ಮೇಲೆ ಕೂಗಾಡಿದ್ದಕ್ಕೆ ಸಿಗದ ಗೌರವ ಸುಮ್ಮನಿದ್ದುದಕ್ಕೆ ಸಿಗುತ್ತಿತ್ತು. ಹಾಗೆಯೇ ಇರಲಿ ಎಂದುಕೊಂಡ. ಈ ಲೋಕದಲ್ಲಿ ಬಹಳಷ್ಟು ಜನ ದೊಡ್ಡವರಾಗಿರುವುದು ಹೀಗೆಯೇ.

ಗೌರವದ ಹಿಂದೆಯೇ ಪ್ರಸಾದ ಬಂತು. ಕೊನೆಯ ಸುತ್ತು ಮುಗಿಯುವುದಕ್ಕೂ ಮಾಮಿ ದೊನ್ನೆ ತುಂಬ ಬಿಸಿ ಪೊಂಗಲ್ ಹಿಡಿದು ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಬೆರಳು ಅದ್ದಿದರೆ ತುಪ್ಪ ಉಗುರು ಮುಚ್ಚುತ್ತಿತ್ತು. ಪ್ರಸಾದ ಬೇಡ ಎನ್ನಲು ಸುಬ್ರಾಯನೇನು ರಾಕ್ಷಸನೇ? ಕಣ್ಣಿಗೊತ್ತಿಕೊಂಡು ತಿಂದ. ಆಗಸ್ಟಿನಲ್ಲಿ ನಲವತ್ತೆರಡು ಅಂಗುಲವಿದ್ದ ಸೊಂಟ ಸೆಪ್ಟೆಂಬರಿನಲ್ಲಿ ನಲವತ್ತಮೂರಾಯಿತು. ಟೇಪಿನ ದೋಷವಿರಬೇಕೆಂದು ಹೊಸ ಟೇಪು ಕೊಂಡ. ಅದು ನಲವತ್ತಮೂರೂವರೆ ತೋರಿಸಿತು. ಹಳೆಯದಕ್ಕೇ ಮರಳಿದ.

ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು ಯೋಚಿಸಿದಾಗ ಅವನಿಗೊಂದು ಹೊಸ ವಿಚಾರ ಹೊಳೆಯಿತು. ದಿನವೂ ಒಂದೇ ಕಡೆ ತಿರುಗುತ್ತಿರುವುದರಿಂದ ಹೊಟ್ಟೆಯ ಬಲಭಾಗಕ್ಕೆ ಮಾತ್ರ ವ್ಯಾಯಾಮವಾಗಿ, ಕರಗಿದ್ದೆಲ್ಲ ಎಡಕ್ಕೆ ಸರಿಯುತ್ತಿದೆ! ಮರುದಿನ ಹೊಟ್ಟೆಯನ್ನು ಸಮ ಮಾಡಲು ಅವನು ಮರವನ್ನು ಎಡಗಡೆಗಿಟ್ಟುಕೊಂಡು ಉಲ್ಟಾ ಸುತ್ತತೊಡಗಿದ.

ಏಳನೆಯ ಸುತ್ತಿಗೆ ಮೊದಲ ಮಹಡಿಯಿಂದ ಚೀತ್ಕಾರ ಕೇಳಿಸಿತು.

"ಐಯ್ಯೈಯೋ! ಅಪ್ರದಕ್ಷಿಣಂ! ಸಾರ್, ನಿಲ್ಲುಂಗೋ! ಒಂದು ಅಡಿ ಕೂಡ ವೆಕ್ಕಬೇಡಿ, ಇಡಬೇಡಿ!"

ಸುಬ್ರಾಯ ಒಂದು ಕಾಲು ಮೇಲೆತ್ತಿಕೊಂಡೇ ನಿಂತ. ಹನ್ನೆರಡು ಮನೆಯ ಬಾಗಿಲುಗಳೂ ತೆರೆದವು. ಅದೇ ಹೊತ್ತಿಗೆ ಬೋರಿನ ಮೋಟರು ಸುಟ್ಟು ಹೊಗೆ ಬಂದದ್ದು ಆ ಮೋಟರಿನ ಹದಿನಾಲ್ಕು ವರ್ಷದ ಆಯಸ್ಸಿನಿಂದ. ಆದರೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು?

"ಏನಾತ್ರಿ ಸುಬ್ರಾಯರ? ಯಾಕ ತಿರುವಿದ್ರಿ?" ಅಂದಾನಿಯವರು ಪೈಜಾಮದಲ್ಲೇ ಓಡಿಬಂದರು.

"ಅದು... ಎಡಗಡೆ ಸ್ವಲ್ಪ..." ಎಂದ ಸುಬ್ರಾಯ.

"ತಲಿ ತಿರುಗಿರಬೇಕು, ಪಾಪ. ದಿನಾ ಒಪ್ಪತ್ತಂತ. ನಿಶ್ಶಕ್ತಿ" ಎಂದು ಅಂದಾನಿಯವರು ಸಭೆಗೆ ವಿವರಿಸಿದರು. ನಲವತ್ತಮೂರು ಅಂಗುಲದ ಆ ನಿಶ್ಶಕ್ತಿಯನ್ನು ಎಲ್ಲರೂ ಮರುಕದಿಂದ ನೋಡಿದರು.

ಮಾಮಿ ವಿನೋದಾಳನ್ನು ಬದಿಗೆ ಕರೆದರು. "ಉಲ್ಟಾ ಸುತ್ತಿದ್ರೆ ಕೇಳಿದ್ದೆಲ್ಲ ಕ್ಯಾನ್ಸಲ್. ಪರಿಹಾರ ಇದೆ. ಆದ್ರೆ ಏನು ಹರಕೆ ಅಂತ ಗೊತ್ತಾಗಬೇಕು. ನನ್ಕಿಟ್ಟ ಮಾತ್ರ ಹೇಳು."

ವಿನೋದಾ ಈ ಒಂದೂವರೆ ತಿಂಗಳು ಅದನ್ನೇ ಯೋಚಿಸಿದ್ದಳು. ಮದುವೆಯಾದ ಹೊಸತರಲ್ಲಿ ಗಂಡ ಹೇಳಿದ್ದ: ಮದ್ರಾಸಿನಲ್ಲಿ ಎರಡೇ ವರ್ಷ, ಆಮೇಲೆ ಮೈಸೂರಿಗೆ ವರ್ಗ ಹಾಕಿಸಿಕೊಳ್ಳುತ್ತೇನೆ. ಆ ಎರಡು ವರ್ಷ ಇಪ್ಪತ್ತೆರಡಾಗಿತ್ತು. ಪ್ರತಿವರ್ಷ ವರ್ಗದ ಅರ್ಜಿ ಹಾಕುವ ಕಾಲಕ್ಕೆ ಸುಬ್ರಾಯ, "ಈ ನವೆಂಬರ್ ಕಳೀಲಿ ಕಣೆ" ಎನ್ನುತ್ತಿದ್ದ. ಮಗ ಉದಯ್ ಹುಟ್ಟಿ, ತಮಿಳು ಕಲಿತು, ತಿರುಚ್ಚಿಯ ಹಾಸ್ಟೆಲು ಸೇರಿಯಾಗಿತ್ತು, ನವೆಂಬರ್ ಕಳೆದಿರಲಿಲ್ಲ. ಅವಳು ಕೇಳುವುದನ್ನೇ ಬಿಟ್ಟಿದ್ದಳು. ಅವಳು ಬಿಟ್ಟ ಮೇಲೆ ಅವನಿಗೆ ನೆನಪಾಗಿದೆ! ಇನ್ನೇನಿರಲು ಸಾಧ್ಯ?

"ಮೈಸೂರಿಗೆ ಟ್ರಾನ್ಸ್‌ಫರ್ ಮಾಮಿ" ಎಂದಳು. ಹೇಳುತ್ತಲೇ ಕಣ್ಣು ತುಂಬಿತು. "ನನಗೋಸ್ಕರ."

ಪರಿಹಾರವೆಂದು ದಿನಕ್ಕೆ ನೂರೆಂಟು ಸುತ್ತು ಗೊತ್ತಾಯಿತು, ಸರಿಯಾದ ದಿಕ್ಕಿನಲ್ಲಿ. ಕೊನೆಗೆ ಸರದಿಯಂತೆ ಒಂದೊಂದು ಮನೆಯ ನೈವೇದ್ಯ. ಅಂದಾನಿಯವರು ಕಾರ್ಖಾನೆಯ ಪಾಳಿಪಟ್ಟಿಯ ಮಾದರಿಯಲ್ಲಿ ಅದನ್ನು ಟೈಪು ಮಾಡಿಸಿ ಲಿಫ್ಟಿನ ಬಾಗಿಲಿಗೆ ಅಂಟಿಸಿದರು: ಸೋಮವಾರ ಕಡಲೆ ಸುಂಡಲ್, ಮಂಗಳವಾರ ಸಿಹಿ ಪೊಂಗಲ್, ಬುಧವಾರ ವಡೆ, ಗುರುವಾರ ಕಡುಬು. ಕೆಳಗೆ ದಪ್ಪ ಅಕ್ಷರದಲ್ಲಿ: 'ಬೆಳಿಗ್ಗೆ 6ರಿಂದ 7 ಗಂಟೆ ಮರದ ಸುತ್ತ ಸ್ಕೂಟರ್ ನಿಲ್ಲಿಸಬಾರದು. ಮೀರಿದರೆ ಸಂಘ ಜವಾಬ್ದಾರಿಯಲ್ಲ.' ಸುಬ್ರಾಯ ಎರಡು ಪಟ್ಟು ನಡೆದ, ಮೂರು ಪಟ್ಟು ತಿಂದ.

ಅವನಿಗೆ ತಿಳಿಯದ ಒಂದು ಸಂಗತಿಯಿತ್ತು. ಮಾಮಿಯ ಅತ್ತಿಂಬೇರ್, ಅಂದರೆ ಅಕ್ಕನ ಗಂಡ, ಸುಬ್ರಾಯನ ಕಂಪನಿಯಲ್ಲೇ ವರ್ಗಾವಣೆ ನೋಡಿಕೊಳ್ಳುವ ದೊಡ್ಡ ಮ್ಯಾನೇಜರು. ನವರಾತ್ರಿಯ ಗೊಂಬೆ ನೋಡಲು ಬಂದ ಆ ಮನುಷ್ಯನಿಗೆ ಮಾಮಿ ಸುಂಡಲಿನ ಜೊತೆ ಇಡೀ ಕಥೆಯನ್ನು ಬಡಿಸಿದ್ದರು.

ಅಕ್ಟೋಬರ್ ಮೊದಲ ವಾರ ಸುಬ್ರಾಯನಿಗೆ ಮೇಲಿನ ಮಹಡಿಯಿಂದ ಕರೆ ಬಂತು. ಮ್ಯಾನೇಜರು ಎದ್ದು ನಿಂತರು. ಅಧೀನ ನೌಕರನಿಗಾಗಿ ಅವರು ಕುರ್ಚಿ ಬಿಟ್ಟು ಏಳುವುದನ್ನು ಆ ಕಚೇರಿ ಕಂಡಿರಲಿಲ್ಲ.

"ಉಟ್ಕಾರುಂಗೋ, ಕೂತ್ಕೊಳ್ಳಿ ಸಾರ್. ಟ್ರಾನ್ಸ್‌ಫರ್‌ಗೆ ಇಲ್ಲಿ ಎಲ್ಲರೂ ಶಿಫಾರಸು ಪತ್ರ ತರ್ತಾರೆ. ಎಂಎಲ್‌ಎ ಲೆಟರ್, ಮಂತ್ರಿ ಲೆಟರ್. ನೀವೊಬ್ರೇ ಸಾರ್, ನೇರವಾಗಿ ಮೇಲಕ್ಕೆ ಅಪ್ಲೈ ಮಾಡಿದೋರು" ಎಂದು ಅವರು ಫ್ಯಾನಿನ ಕಡೆ ಕೈತೋರಿಸಿ, ಒಂದು ಲಕೋಟೆ ಕೊಟ್ಟರು. ಮೈಸೂರು ಶಾಖೆ. ನವೆಂಬರ್ ಮೊದಲ ಸೋಮವಾರ ಹಾಜರಾಗತಕ್ಕದ್ದು.

"ಸಾರ್, ನಾನು ಟ್ರಾನ್ಸ್‌ಫರ್... ನವೆಂಬರಲ್ಲಿ ನನಗೆ..."

"ಥ್ಯಾಂಕ್ಸ್ ಎಲ್ಲ ಬೇಡ. ನನಗಲ್ಲ, ಪಿಳ್ಳೆಯಾರ್‌ಗೆ ಹೇಳಿ." ಮ್ಯಾನೇಜರ ಕಣ್ಣು ಒದ್ದೆಯಾಗಿತ್ತು.

ಅಂದು ಫ್ಲ್ಯಾಟಿನಲ್ಲಿ ನೂರೆಂಟು ತೆಂಗಿನಕಾಯಿ ಒಡೆದರು. ಸುಬ್ರಾಯ ಮರದ ಕೆಳಗೆ ನಿಂತು ಪಿಳ್ಳೆಯಾರನ್ನು ದಿಟ್ಟಿಸಿದ. ತನ್ನ ಹೊಟ್ಟೆಗಿಂತ ದೊಡ್ಡ ಹೊಟ್ಟೆಯ ದೇವರಲ್ಲಿ ಹೊಟ್ಟೆ ಕರಗಿಸುವ ಕೆಲಸ ಇಟ್ಟುಕೊಂಡದ್ದೇ ಮೂಲ ತಪ್ಪೆಂದು ಅವನಿಗೆ ಆಗ ಹೊಳೆಯಿತು.

ಅಲ್ಲಿಂದ ಮುಂದೆ ಮೂರು ವಾರ ಅವನಿಗೆ ಊಟ ಸೇರಲಿಲ್ಲ. ಹರಕೆ ಫಲಿಸಿತೆಂದು ನೈವೇದ್ಯದ ಪಾಳಿಪಟ್ಟಿಯನ್ನು ಅಂದಾನಿಯವರು ಲಿಫ್ಟಿನಿಂದ ಕಿತ್ತರು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ವಿನೋದಾ ಫಲಾರ ನಿಲ್ಲಿಸಿದಳು. ಆದರೆ ಫಲಿಸಿದ ಮೇಲೂ ಕೃತಜ್ಞತೆಗೆ ಸುತ್ತಬೇಕೆಂದು ಮಾಮಿ ಬಿಡಲಿಲ್ಲ. ಹೀಗೆ ಹೊಟ್ಟೆ ಕರಗಲು ಬೇಕಾದ್ದೆಲ್ಲ, ಅವನಿಗೆ ಅದರ ಆಸೆ ಹೋದ ಮೇಲೆ, ಒಟ್ಟಾಗಿ ಕೂಡಿಬಂತು.

ಕೊನೆಯ ಭಾನುವಾರ ಕೋಡಂಬಾಕ್ಕಂನ ಅಂಗಡಿಯಲ್ಲಿ ಕರಿಯಮ್ಮ ಅವನನ್ನು ಬೆಳಕಿಗೆ ನಿಲ್ಲಿಸಿದಳು. ಅಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಕಾಲದಿಂದ ರಾಜರಿಗೆ ಕಿರೀಟ ಕಟ್ಟಿದ ಕೈ ಅವಳದು. ಎಪ್ಪತ್ತು ದಾಟಿತ್ತು, ನಾಲಗೆಗೆ ಮಾತ್ರ ಇಪ್ಪತ್ತು.

"ಮೂಚ್ಚು ಹಿಡಿ ರಾಜಾ. ಉಸಿರು ಒಳಗೆ ಎಳ್ಕೋ."

ಸುಬ್ರಾಯ ಉಸಿರು ಎಳೆದುಕೊಳ್ಳಲಿಲ್ಲ, ಬಿಟ್ಟ. ಸೊಂಟಪಟ್ಟಿ ಟಕ್ಕೆಂದು ಕೂತಿತು. ಕರಿಯಮ್ಮ ಒಳಗೆ ಎರಡು ಬೆರಳು ತೂರಿಸಿ ಆಡಿಸಿದಳು.

"ಅಡ ಪಾವಿ! ಜಾಗ ಬೇರೆ ಉಳಿದಿದೆ. ಮುಖ ನೋಡು, ನಿಜವಾಗ್ಲೂ ರಾಜ್ಯ ಕಳ್ಕೊಂಡೋನ ಥರಾನೇ ಇದಾನೆ. ಈ ಸಲ ಒಬ್ಬ ನಗಲ್ಲ ಬಿಡು."

"ಸರ್, ಸೂಪರ್! ಒಪ್ಕೊಂಡೆ. ರಾಜ ನೀವೇ" ಎಂದ ರವಿಕಿರಣ್. ಅಮಿತ್ ಮೂಲೆಯಲ್ಲಿ ತನ್ನ ತಮಿಳು ಲಿಪಿಯ ಹಾಳೆಗಳನ್ನು ಮಡಚತೊಡಗಿದ.

ಸುಬ್ರಾಯ ಜೇಬಿನಿಂದ ಲಕೋಟೆ ತೆಗೆದು ತೋರಿಸಿದ. ರವಿಕಿರಣ್ ಓದಿ ನಕ್ಕ.

"ಇಷ್ಟೇ ತಾನೆ? ಸೋಮವಾರ ಜಾಯಿನ್ ಆಗಿ, ಶನಿವಾರ ಟ್ರೇನ್ ಹತ್ತಿ. ಭಾನುವಾರ ಶೋ. ಮಾತೆಲ್ಲ ನಿಮಗೆ ಬಾಯಿಪಾಠ. ಮನೇಲಿ ಒಂದು ಮಾತು ಹೇಳ್ಬಿಡಿ, ಸಾಕು."

ಒಂದು ಮಾತು! ಮಾಂಬಲಂ ಸ್ಟೇಷನ್ನಿನಿಂದ ಮನೆಯವರೆಗೆ ಸುಬ್ರಾಯ ಆ ಮಾತನ್ನು ಸಂಭಾಷಣೆಯಂತೆ ಉರು ಹೊಡೆದ. ವಿನೋದಾ, ಮೈಸೂರಿಗೆ ಹೋಗೋಣ, ಆದರೆ ಆ ಭಾನುವಾರ ನಾನು ಇಲ್ಲಿರಬೇಕು. ನಡೆದದ್ದೆಲ್ಲ ಅದಕ್ಕಾಗಿಯೇ. ಬಾಗಿಲು ತಳ್ಳಿದ.

ವಿನೋದಾ ರಟ್ಟಿನ ಡಬ್ಬಗಳ ನಡುವೆ ನೆಲದ ಮೇಲೆ ಕೂತು ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದಳು. ಪಕ್ಕದಲ್ಲಿ ಟೇಪು ಹಿಡಿದ ಅಂದಾನಿಯವರು. ಕುರ್ಚಿಯ ಮೇಲೆ ಮಾಮಿ, ಕೈಯಲ್ಲಿ ಮುಚ್ಚಿದ ತಟ್ಟೆ.

"ಬಂದ್ರಾ? ಮೈಸೂರಿಂದ ಫೋನ್ ಬಂದಿತ್ತು ಕಣ್ರೀ. ಹಾಲುಕ್ಕಿಸೋಕೆ ಎರಡನೇ ಭಾನುವಾರ ಇಟ್ಟಿದಾರೆ. ಎಲ್ಲರಿಗೂ ಹೇಳಿ ಆಗಿದೆ."

"ಎರಡನೇ ಭಾನುವಾರ" ಎಂದ ಸುಬ್ರಾಯ.

"ಗೊತ್ತು, ಅವತ್ತೇ ನಾಟಕ. ಆದರೆ ನನಗೋಸ್ಕರ ಮೂರು ತಿಂಗಳು ಬರಿಗಾಲಲ್ಲಿ ಸುತ್ತಿದೋರಿಗೆ ಒಂದು ನಾಟಕ ಏನು ದೊಡ್ಡದು? ಇಪ್ಪತ್ತೆರಡು ವರ್ಷ ನಿಮಗೆ ಆ ಮಾತು ನೆನಪೇ ಇಲ್ಲ ಅಂತ ಒಳಗೊಳಗೇ ಬೈಕೊಂಡಿದೀನಿ." ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಇನ್ನೊಂದು ಹೇಳ್ಬೇಕು. ಹೋದ ವರ್ಷ ಮೊದಲು ನಕ್ಕೋಳು ನಾನೇ ಕಣ್ರೀ. ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದು ವರ್ಷದಿಂದ ಹೇಳ್ಬೇಕು ಅನ್ಕೊಂಡು ಹೇಳಿರಲಿಲ್ಲ."

ಹೇಳಿ ಮುಗಿಸಿ ಅವಳು ನಕ್ಕಳು. ಮೂರನೆಯ ಸಾಲಿನ ಅದೇ ನಗೆ.

"ಈಗರೆ ಬಾಯಿ ಬಿಟ್ಟು ಹೇಳ್ರಿ ಸುಬ್ರಾಯರ" ಎಂದರು ಅಂದಾನಿಯವರು. "ಹರಕಿ ಮುಟ್ಟೇತಿ. ಇನ್ನ ಹೇಳಿದ್ರ ದೋಷ ಇಲ್ಲ."

ಮೂವರೂ ಅವನ ಬಾಯನ್ನೇ ನೋಡಿದರು. ಸುಬ್ರಾಯ ಅದನ್ನು ತೆರೆದ. ಮಾಮಿ ತಟ್ಟೆಯ ಮುಚ್ಚಳ ತೆಗೆದರು. ಸಿಹಿ ಪೊಂಗಲ್, ಇನ್ನೂ ಹೊಗೆಯಾಡುತ್ತಿತ್ತು. ಮೂರು ವಾರದ ಮೇಲೆ ಅವನಿಗೆ ಮೊದಲ ಸಲ ಹಸಿವಾಯಿತು. ತಟ್ಟೆ ತೆಗೆದುಕೊಂಡು, ಡಬ್ಬಗಳ ನಡುವೆ ಕೂತು, ತಿಂದ.

ಎರಡನೆಯ ಭಾನುವಾರ ಚೆನ್ನೈಯಲ್ಲಿ ಅಮಿತ್ ಅನ್ನದ ಮುಖ ಕಂಡು ಮೂರು ದಿನವಾಯಿತೆಂದಾಗ ಸಭೆ ಅತ್ತಿತಂತೆ. ಮೈಸೂರಿನಲ್ಲಿ ಹಾಲು ಉಕ್ಕಿತು. ತಾನು ಸುತ್ತಿದ್ದು ಹೊಟ್ಟೆ ಕರಗಿಸಲಿಕ್ಕೆ ಎಂದು ಸುಬ್ರಾಯ ಯಾರಿಗೂ ಹೇಳಲಿಲ್ಲ.